ಇಳಿಜಾರಿನ ಈಜುಕೊಳ: ಸೋರುವುದು ಕೊಳದ ನೀರೋ, ಗುಡ್ಡೆಯ ನೀರೋ?

ಜೂನ್ ತಿಂಗಳ ಮೂರನೆಯ ವಾರ. ಬೆಳಗ್ಗೆ ತೋಟಕ್ಕೆ ಇಳಿಯುವಾಗ ಈಜುಕೊಳದ ಕೆಳಗೋಡೆಯ ಬುಡದಲ್ಲಿ ಕಾಲು ಹೂತಿತು. ಹಿಂದಿನ ವಾರದವರೆಗೂ ಗಟ್ಟಿಯಾಗಿದ್ದ ನೆಲವದು. ಗೋಡೆಯ ಬುಡದಿಂದ ಬೆರಳಿನಷ್ಟು ದಪ್ಪದ ನೀರು ಸದ್ದಿಲ್ಲದೆ ಹೊರಬಂದು ಅಡಿಕೆ ಮರಗಳ ನಡುವಿನ ಕಣಿಗೆ ಸೇರುತ್ತಿತ್ತು. ಕೊಳ ಕಟ್ಟಿದ ಮೇಸ್ತ್ರಿಯನ್ನು ಕರೆಸಿದೆ. ಅವರು ಒಮ್ಮೆ ಸುತ್ತು ಹಾಕಿ, "ಟೀಚರೇ, ಕೊಳ ಸೋರುತ್ತಿದೆ. ನೀರೆಲ್ಲ ಖಾಲಿ ಮಾಡಿ, ತಳದ ಟೈಲ್ಸ್ ಎಬ್ಬಿಸಿ ಇನ್ನೊಮ್ಮೆ ವಾಟರ್‌ಪ್ರೂಫಿಂಗ್ ಮಾಡಬೇಕು" ಎಂದರು. ಆ ಮಾತನ್ನು ಕೇಳಿ ಅಂದೇ ನೀರು ಬಿಟ್ಟಿದ್ದರೆ ಕೊಳದ ತಳವೇ ಎದ್ದು ಬರುತ್ತಿತ್ತು.

ನನ್ನ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕ ಮತ್ತು ಪೆರ್ಲದ ನಡುವಿನ ಒಂದು ಗುಡ್ಡೆಯ ಮಗ್ಗುಲಲ್ಲಿದೆ. ಮೇಲೆ ಮುರಕಲ್ಲಿನ (ಲ್ಯಾಟರೈಟ್) ಬೋಳು ಗುಡ್ಡೆ, ಕೆಳಗೆ ಅಡಿಕೆ ತೋಟ, ಅದರಾಚೆ ತೋಡು. ನಡುವಿನ ಇಳಿಜಾರಿನಲ್ಲಿ ಮೊಮ್ಮಕ್ಕಳಿಗೆಂದು 7 ಮೀಟರ್ ಉದ್ದ, 3.5 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕಾಂಕ್ರೀಟ್ ಕೊಳ ಕಟ್ಟಿಸಿದೆ. ಮೇಲ್ಬದಿಯ ಗೋಡೆ ಪೂರ್ತಿ ಬರೆಯೊಳಗೆ, ಅಂದರೆ ಗುಡ್ಡೆ ಕಡಿದಾಗ ಉಳಿದ ಕಡಿದಾದ ಮಣ್ಣಿನೊಳಗೆ, ಹುಗಿದಿದೆ. ಕೆಳಬದಿಯ ಗೋಡೆ ಬಹುಪಾಲು ನೆಲದ ಮೇಲೆ ನಿಂತಿದೆ. ನಮ್ಮ ಕಡೆಯ ಜಾಗಕ್ಕೆ ಇದೇ ಸರಿಯಾದ ವಿಧಾನ ಎಂದು ಈಗಲೂ ನಂಬಿದ್ದೇನೆ. ಪೂರ್ತಿ ಅಗೆದರೆ ಹಿಂದಿನ ಬರೆ ಅಪಾಯದ ಎತ್ತರಕ್ಕೆ ಹೋಗುತ್ತದೆ, ಪೂರ್ತಿ ಎತ್ತರಿಸಿದರೆ ಕೆಳಗೋಡೆಯನ್ನು ಅಣೆಕಟ್ಟಿನಂತೆ ಕಟ್ಟಬೇಕಾಗುತ್ತದೆ. ಆದರೆ ಅರ್ಧ ಹುಗಿದ ಕೊಳಕ್ಕೆ ಒಂದು ಕಷ್ಟವಿದೆ. ಅದರ ಮೇಲೆ ಎರಡು ನೀರುಗಳ ಒತ್ತಡ ಬೀಳುತ್ತದೆ: ಒಳಗಿನಿಂದ ಕೊಳದ್ದು, ಹೊರಗಿನಿಂದ ಗುಡ್ಡೆಯದ್ದು. ದೋಷ ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ "ಎಲ್ಲಿ ಸೋರುತ್ತಿದೆ" ಎಂಬುದಲ್ಲ, "ಇದು ಯಾರ ನೀರು" ಎಂಬುದು. ನಾನು ನೋಡಿದ ಮೂರು ನಾಲ್ಕು ಕೊಳಗಳಲ್ಲಿ ಹಣ ಹಾಳಾದದ್ದು ಈ ಪ್ರಶ್ನೆಯನ್ನು ಕೇಳದೆ ಸುತ್ತಿಗೆ ಎತ್ತಿದ್ದರಿಂದಲೇ.

ಮಳೆಗಾಲದಲ್ಲಿ ಕೊಳ ಖಾಲಿ ಮಾಡಬೇಡಿ

ಪತ್ತೆಯ ಕೆಲಸಕ್ಕೆ ಇಳಿಯುವ ಮೊದಲು ಇದನ್ನು ಹೇಳಲೇಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲು ತೂತು ತೂತಾದ ಕಲ್ಲು. ಆ ನೀರನ್ನು ಕುಡಿದು ನಿಧಾನವಾಗಿ ಕೆಳಕ್ಕೆ ಬಿಡುತ್ತದೆ. ಅದು ಇಳಿಯುವ ದಾರಿಯಲ್ಲಿ ನಿಮ್ಮ ಕೊಳದ ಮೇಲ್ಗೋಡೆ ಅಡ್ಡ ನಿಂತಿದೆ. ನೀರು ಗೋಡೆಯ ಬೆನ್ನಿಗೆ ತುಂಬಿ, ತಳದ ಕೆಳಗೆ ಹಾಸಿದ ಜಲ್ಲಿಯೊಳಗೆ ನುಗ್ಗಿ ತಳವನ್ನು ಮೇಲಕ್ಕೆ ನೂಕುತ್ತದೆ.

ಎಷ್ಟು ಬಲದಿಂದ ನೂಕುತ್ತದೆ ಎಂಬುದಕ್ಕೆ ಶಾಲೆಯ ಲೆಕ್ಕ ಸಾಕು. ಹೊರಗಿನ ನೀರು ತಳದಿಂದ ಒಂದು ಮೀಟರ್ ಎತ್ತರ ನಿಂತರೆ ಪ್ರತಿ ಚದರ ಮೀಟರ್ ತಳದ ಮೇಲೆ ಒಂದು ಟನ್ ಮೇಲ್ಮುಖ ಒತ್ತಡ. ನನ್ನ ಕೊಳದ ತಳ 24.5 ಚದರ ಮೀಟರ್, ಅಂದರೆ 24.5 ಟನ್. 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ತಳದ ತೂಕ ಚದರ ಮೀಟರಿಗೆ ಸುಮಾರು 375 ಕಿಲೋ ಮಾತ್ರ. ಹೊರಗೆ 38 ಸೆಂಟಿಮೀಟರ್ ನೀರು ನಿಂತರೂ ತಳದ ತೂಕವೊಂದೇ ಅದನ್ನು ತಡೆಯಲಾರದು. ಕೊಳದೊಳಗಿನ 34,000 ಲೀಟರ್ ನೀರು, ಅಂದರೆ 34 ಟನ್ ಭಾರ, ತಳವನ್ನು ಒತ್ತಿ ಹಿಡಿದು ಕಾಪಾಡುತ್ತಿರುತ್ತದೆ. ಅದನ್ನು ನಾವೇ ತೆಗೆದುಬಿಟ್ಟರೆ ಹಿಡಿಯುವವರು ಯಾರೂ ಉಳಿಯುವುದಿಲ್ಲ.

ಎಣ್ಮಕಜೆಯ ಕಡೆಯ ನೆಂಟರೊಬ್ಬರ ಮನೆಯಲ್ಲಿ ಇದು ನಡೆದೇಹೋಯಿತು. ಅವರದ್ದು ಪಿವಿಸಿ ಲೈನರ್ ಹಾಸಿದ ಕೊಳ. ಜುಲೈಯಲ್ಲಿ ತಳದ ಹಾಳೆ ಅಲ್ಲಲ್ಲಿ ಉಬ್ಬಿ, ಕಾಲಿಟ್ಟರೆ ಮೆತ್ತಗೆ ಒಳಹೋಗುತ್ತಿತ್ತು. ಹಾಳೆಯಡಿ ಗಾಳಿ ಸೇರಿದೆ ಎಂದುಕೊಂಡು, ಸರಿಪಡಿಸಲು ನೀರು ಇಳಿಸಿದರು. ನೀರು ಇಳಿದಂತೆ ಉಬ್ಬು ದೊಡ್ಡದಾಯಿತು. ಸಂಜೆಯ ಹೊತ್ತಿಗೆ ಇಡೀ ಹಾಳೆ ಅಂಚಿನ ಪಟ್ಟಿಯಿಂದ ಕಳಚಿ ಬಂತು. ಅಡಿಯಲ್ಲಿ ಇದ್ದದ್ದು ಗಾಳಿಯಲ್ಲ, ಗುಡ್ಡೆಯ ನೀರು. ಲೈನರ್ ಉಬ್ಬಿ ತೇಲಿದಂತೆ ಕಂಡರೆ ಕೊಳಕ್ಕೆ ಇನ್ನಷ್ಟು ನೀರು ತುಂಬಿಸಿ, ಅಂಚಿನವರೆಗೂ ಇರಲಿ. ಹೊರಗಿನ ನೀರು ಇಳಿದ ಮೇಲೆ ಉಬ್ಬು ತಾನಾಗಿ ಕೂರುತ್ತದೆ. ಸುಕ್ಕುಗಳು ಉಳಿಯಬಹುದು, ಅದು ಬೇಸಗೆಯಲ್ಲಿ ನೋಡಿಕೊಳ್ಳುವ ವಿಷಯ.

ಹೊರಗಿನ ನೀರಿನ ಮಟ್ಟ ತಿಳಿಯಲು ಒಂದು ಕೊಳವೆ ಬೇಕು. ಮೇಲ್ಗೋಡೆಯ ಹಿಂದೆ, ಗೋಡೆಯಿಂದ ಅರ್ಧ ಮೀಟರ್ ದೂರದಲ್ಲಿ, ಕೊಳದ ತಳಕ್ಕಿಂತಲೂ ಒಂದಡಿ ಆಳದವರೆಗೆ ಎರಡಿಂಚಿನ ಪಿವಿಸಿ ಪೈಪನ್ನು ನೆಟ್ಟಗೆ ಇಳಿಸಿ. ಅದರ ಕೆಳಗಿನ ಒಂದು ಮೀಟರಿಗೆ ಗರಗಸದಿಂದ ಗೀರು ಹಾಕಿ ಬಟ್ಟೆ ಸುತ್ತಿರಬೇಕು, ಸುತ್ತ ಜಲ್ಲಿ ತುಂಬಿರಬೇಕು, ಮೇಲೆ ಮುಚ್ಚಳವಿರಬೇಕು. ಒಣ ಬಿದಿರ ಕಡ್ಡಿಯನ್ನು ಇಳಿಸಿ ತೆಗೆದರೆ ಒದ್ದೆಯಾದಷ್ಟು ಭಾಗ ಮಟ್ಟವನ್ನು ಹೇಳುತ್ತದೆ. ಕಟ್ಟುವಾಗಲೇ ಇದನ್ನು ಇಟ್ಟರೆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ; ನಾನು ಇಟ್ಟಿರಲಿಲ್ಲ, ಆಮೇಲೆ ಇಳಿಸಿದೆ. ಕೊಳವೆಯಲ್ಲಿ ನೀರು ಕೊಳದ ತಳಕ್ಕಿಂತ ಮೇಲಿದ್ದರೆ ಕೊಳವನ್ನು ಯಾವ ಕಾರಣಕ್ಕೂ ಆ ಮಟ್ಟಕ್ಕಿಂತ ಕೆಳಗೆ ಇಳಿಸಬಾರದು. ತಳದಲ್ಲಿ ಒತ್ತಡ ಬಿಡುವ ವಾಲ್ವ್ ಕೂರಿಸಿದ್ದರೂ ಅದೊಂದನ್ನೇ ನಂಬಬೇಡಿ. ನಮ್ಮ ಕೆಂಪು ಮಣ್ಣು ಅದರ ಬಾಯಿಗೆ ಸೇರಿಕೊಂಡರೆ ಅದು ತೆರೆಯುವುದೇ ಇಲ್ಲ.

ಇದು ಯಾರ ನೀರು?

ಮೇಸ್ತ್ರಿ ಹೋದ ಮೇಲೆ ನಾನು ಕರೆದದ್ದು ನಮ್ಮೂರಿನ ಹಿರಿಯ ಸುರಂಗ ಕೆಲಸಗಾರರೊಬ್ಬರನ್ನು. ಸುರಂಗವೆಂದರೆ ಇಲ್ಲಿನವರಿಗೆ ಗೊತ್ತು: ಗುಡ್ಡೆಯ ಹೊಟ್ಟೆಯೊಳಗೆ ಅಡ್ಡಕ್ಕೆ ಕೊರೆದು, ಒರತೆಯ ನೀರು ಪಂಪಿಲ್ಲದೆ ತಾನಾಗಿ ಹರಿದು ಬರುವಂತೆ ಮಾಡುವುದು. ಜೀವಮಾನವಿಡೀ ಗುಡ್ಡೆಯ ನೀರಿನ ಜೊತೆ ಮಾತಾಡಿದವರು ಅವರು. ಬುಡದ ಒಸರಿಗೆ ಕೈಯೊಡ್ಡಿದರು, ನಂತರ ಕೊಳಕ್ಕೆ ಕೈ ಅದ್ದಿದರು.

"ಟೀಚರೇ, ಇದು ಕೊಳದ್ದಲ್ಲ. ಇದರ ತಂಪು ಬೇರೆ. ಮಳೆ ಬಿಟ್ಟು ಎರಡು ದಿನ ಬಿಸಿಲು ಬಂದಾಗ ನೋಡಿ, ಇದರ ಓಟ ಕಡಿಮೆಯಾಗುತ್ತದೆ. ಕೊಳದ ನೀರಾದರೆ ಮಳೆಗೂ ಬಿಸಿಲಿಗೂ ಒಂದೇ ಓಟ."

ಆ ಮಾತಿನಲ್ಲಿ ಎರಡು ಪರೀಕ್ಷೆಗಳಿದ್ದವು. ನಾನು ಅವನ್ನು ಅಳತೆಗೆ ಇಳಿಸಿದೆ. ಮಧ್ಯಾಹ್ನ ಬಿಸಿಲು ಬಿದ್ದ ದಿನ ಥರ್ಮಾಮೀಟರಿನಲ್ಲಿ ಕೊಳದ ನೀರು 30 ಡಿಗ್ರಿ ತೋರಿಸಿತು, ಒಸರು 27. ಒಸರಿನ ಬಾಯಿಗೆ ಅರ್ಧ ಸೀಳಿದ ಪೈಪು ಇಟ್ಟು, ಒಂದು ಲೀಟರ್ ಪಾತ್ರೆ ತುಂಬಲು ಎಷ್ಟು ಸೆಕೆಂಡು ಬೇಕೆಂದು ದಿನಕ್ಕೆರಡು ಬಾರಿ ಬರೆದಿಟ್ಟೆ. ಜಡಿಮಳೆಯ ದಿನ 9 ಸೆಕೆಂಡು. ಮಳೆ ಬಿಟ್ಟ ಮೂರನೆಯ ದಿನ 31 ಸೆಕೆಂಡು. ಕೊಳದ ಮಟ್ಟ ಎರಡು ದಿನವೂ ತುಂಬಿಯೇ ಇತ್ತು. ಮಾತು ಗುಡ್ಡೆಯ ಕಡೆಗೆ ವಾಲಿತು.

ಆದರೂ ಟೈಲ್ಸ್ ಒಡೆಯುವುದೋ ಬಿಡುವುದೋ ಎಂಬ ತೀರ್ಮಾನಕ್ಕೆ ಇನ್ನೂ ಗಟ್ಟಿ ಸಾಕ್ಷಿ ಬೇಕಿತ್ತು. ಹಲವರು ಒಸರಿನಲ್ಲಿ ಕ್ಲೋರಿನ್ ಇದೆಯೇ ಎಂದು ನೋಡುತ್ತಾರೆ. ಕ್ಲೋರಿನ್ ಪರೀಕ್ಷೆಯ ಹನಿ ಹಾಕಿದಾಗ ಬಣ್ಣ ಬಂದರೆ ಅದು ಕೊಳದ ನೀರೇ, ಅನುಮಾನವಿಲ್ಲ. ಬಣ್ಣ ಬಾರದಿದ್ದರೆ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಮಣ್ಣಿನಲ್ಲಿ ಹಾದುಬರುವಾಗ ಕ್ಲೋರಿನ್ ತೀರಿಹೋಗುತ್ತದೆ. ತೀರಿಹೋಗದ ಗುರುತು ಬೇಕೆಂದು ಯೋಚಿಸುತ್ತಿರುವಾಗ ಅಡುಗೆಮನೆಯಲ್ಲೇ ಉತ್ತರ ಸಿಕ್ಕಿತು. ಉಪ್ಪು.

25 ಕಿಲೋ ಉಪ್ಪನ್ನು ಬಕೆಟ್ಟುಗಳಲ್ಲಿ ಕರಗಿಸಿ ಕೊಳಕ್ಕೆ ಸುರಿದು, ಪಂಪ್ ಓಡಿಸಿ ಬೆರೆಸಿದೆ. 34,000 ಲೀಟರಿಗೆ 25 ಕಿಲೋ ಎಂದರೆ ಲೀಟರಿಗೆ ಮುಕ್ಕಾಲು ಗ್ರಾಂ ಕೂಡ ಆಗುವುದಿಲ್ಲ, ಈಜುವವರಿಗೆ ತೊಂದರೆಯಿಲ್ಲ. ಆದರೆ ಕುಡಿಯುವ ನೀರಿನಲ್ಲಿ ಕರಗಿದ ಲವಣವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುವ, ಪೆನ್ನಿನಂಥ ಟಿಡಿಎಸ್ ಮೀಟರಿಗೆ ಅದು ದೊಡ್ಡ ಸಂಗತಿ. ನಮ್ಮ ಮುರಕಲ್ಲಿನ ನೀರಿನಲ್ಲಿ ಕರಗಿದ ಲವಣ ತೀರಾ ಕಡಿಮೆ. ಉಪ್ಪು ಹಾಕಿದ ಸಂಜೆ ಕೊಳ 780 ತೋರಿಸಿತು, ಒಸರು 48. ಐದನೆಯ ದಿನ, ಮಳೆನೀರು ಬೆರೆತು ಕೊಳ 710ಕ್ಕೆ ಇಳಿದಿತ್ತು. ಒಸರು 46ರಲ್ಲೇ ನಿಂತಿತ್ತು. ಕೊಳದ ನೀರು ಹತ್ತರಲ್ಲೊಂದು ಪಾಲು ಬೆರೆತಿದ್ದರೂ ಒಸರಿನ ಅಂಕಿ ನೂರು ದಾಟಬೇಕಿತ್ತು. ಬೆರೆತಿರಲಿಲ್ಲ. ಆ ಅಂಕಿಗಳನ್ನು ತೋರಿಸಿದಾಗ ಮೇಸ್ತ್ರಿಯವರೂ ಒಪ್ಪಿದರು. ಒಡೆಯುವ ಮಾತು ಅಲ್ಲಿಗೆ ನಿಂತಿತು. ನಿಮ್ಮ ಪಂಪಿನಲ್ಲಿ ಅಥವಾ ಏಣಿಯಲ್ಲಿ ಸಾದಾ ಕಬ್ಬಿಣವಿದ್ದರೆ ಪರೀಕ್ಷೆಯ ನಂತರ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಿಬಿಡಿ.

ಗುಡ್ಡೆಯ ನೀರಾದರೆ

ಮಳೆಯ ನಡುವೆ ಗೋಡೆಯ ಬೆನ್ನಿಗೆ ಅಗೆಯಲು ಹೋಗಬೇಡಿ. ನೆನೆದ ಬರೆ ಕುಸಿಯುವ ಹೊತ್ತು ಅದು. ನಾನು ಆ ಜೂನ್‌ನಲ್ಲಿ ಮಾಡಿದ್ದು ಇಷ್ಟು: ಕೊಳದಿಂದ ನಾಲ್ಕು ಮೀಟರ್ ಮೇಲಕ್ಕೆ ಗುಡ್ಡೆಗೆ ಅಡ್ಡವಾಗಿ ಒಂದು ತೆರೆದ ಕಣಿ ತೋಡಿಸಿ, ಹರಿದು ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿದೆ. ಕಣಿಗೂ ಕೊಳಕ್ಕೂ ನಡುವಿನ ಬೋಳು ಮಣ್ಣಿಗೆ ಸಿಲ್ಪಾಲಿನ್ ಹಾಳೆ ಹೊದಿಸಿ ಅಂಚುಗಳಿಗೆ ಮುರಕಲ್ಲು ಹೇರಿಸಿದೆ. ಒಸರು ನಿಲ್ಲಲಿಲ್ಲ, ಅರ್ಧವಾಯಿತು. ಮೇಲಿನಿಂದ ಹರಿದು ಬರುವ ನೀರನ್ನು ಕಣಿ ತಡೆಯುತ್ತದೆ, ಕಲ್ಲಿನೊಳಗಿಂದ ಬರುವ ಒರತೆಯನ್ನು ತಡೆಯುವುದಿಲ್ಲ.

ಒರತೆಗೆ ಮದ್ದು ನೆಲದೊಳಗಿನ ಬಸಿಗಾಲುವೆ. ಅದನ್ನು ಮಕರ ತಿಂಗಳು ಕಳೆದ ಮೇಲೆ ಮಾಡಿಸಿದೆ. ಮೇಲ್ಗೋಡೆಯ ಉದ್ದಕ್ಕೂ, ಎರಡು ಪಕ್ಕಗಳಿಗೂ ತಿರುಗಿಸಿ, ಒಂದೂವರೆ ಅಡಿ ಅಗಲದ ಕಾಲುವೆ. ಅದರ ತಳ ಕೊಳದ ತಳದ ಕಾಂಕ್ರೀಟಿಗಿಂತ ಕೆಳಗೆ ಇರಲೇಬೇಕು. ಇಲ್ಲಿಯೇ ಹೆಚ್ಚಿನವರು ತಪ್ಪುತ್ತಾರೆ. ಎರಡಡಿ ಅಗೆದು ಪೈಪು ಮಲಗಿಸಿ ಮುಗಿಸುತ್ತಾರೆ. ಆಗ ನೀರು ಪೈಪಿನ ಮಟ್ಟಕ್ಕೆ ಏರಿದ ಮೇಲಷ್ಟೇ ಹೊರಹೋಗುತ್ತದೆ, ಅಷ್ಟರಲ್ಲಿ ತಳದ ಮೇಲೆ ಒತ್ತಡ ಬಿದ್ದಾಗಿರುತ್ತದೆ. ಕಾಲುವೆಗೆ ಮಣ್ಣನ್ನು ತಡೆದು ನೀರನ್ನು ಬಿಡುವ ಜಿಯೋ ಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ ಒಂದು ಪದರ ತೊಳೆದ ಜಲ್ಲಿ, ಆಮೇಲೆ 110 ಮಿಲಿಮೀಟರ್ ವ್ಯಾಸದ ತೂತು ಕೊರೆದ ಪೈಪು, ತೂತುಗಳು ಕೆಳಮುಖವಾಗಿ. ನೂರಕ್ಕೆ ಒಂದರಂತೆ ಇಳಿಜಾರು ಸಾಕು. ಮೇಲೆ ಮತ್ತೆ ಜಲ್ಲಿ ತುಂಬಿ ಬಟ್ಟೆಯನ್ನು ಮಡಚಿ ಮುಚ್ಚಬೇಕು. ಇಡೀ ಉದ್ದವನ್ನು ಒಮ್ಮೆಲೇ ತೆರೆಯಬಾರದು. ಎರಡೆರಡು ಮೀಟರ್ ಅಗೆದು, ತುಂಬಿ, ಮುಂದೆ ಹೋಗಬೇಕು. ಪ್ರತಿ ಮೂಲೆಯಲ್ಲಿ ನೆಲದ ಮೇಲಿನವರೆಗೆ ಬರುವ ಒಂದು ನೇರ ಪೈಪು ಜೋಡಿಸಿ. ಮುಂದೆ ತೊಳೆಯಲು ಅದೇ ದಾರಿ.

ಇಳಿಜಾರಿನ ಜಾಗಕ್ಕೆ ಒಂದು ಭಾಗ್ಯವಿದೆ. ಸಮತಟ್ಟಿನಲ್ಲಿ ಇಂಥ ಬಸಿನೀರನ್ನು ಪಂಪ್ ಮಾಡಿ ಎತ್ತಬೇಕು, ನಮ್ಮಲ್ಲಿ ಅದು ತಾನಾಗಿ ಹರಿದು ಕೆಳಗೆ ಬಯಲಿಗೆ ಬರುತ್ತದೆ. ಮುಂದಿನ ಜುಲೈಯಲ್ಲಿ ಪೈಪಿನ ಬಾಯಿಗೆ ಹತ್ತು ಲೀಟರಿನ ಬಕೆಟ್ ಹಿಡಿದು ನೋಡಿದೆ: 40 ಸೆಕೆಂಡು. ದಿನಕ್ಕೆ 21,600 ಲೀಟರ್. ಅಷ್ಟು ನೀರು ಹಿಂದಿನ ವರ್ಷ ದಾರಿ ಸಿಗದೆ ನನ್ನ ಕೊಳದ ಬೆನ್ನಿಗೆ ಒರಗಿ ನಿಂತಿತ್ತು ಎಂದು ಯೋಚಿಸಿದರೆ ಈಗಲೂ ಮೈ ನಡುಗುತ್ತದೆ.

ಕೊಳದ ನೀರೇ ಆದರೆ

ಗುಡ್ಡೆಯ ಕಥೆ ಮುಗಿಯಿತು ಎಂದುಕೊಂಡಿರುವಾಗ, ಆ ಬೇಸಗೆಯಲ್ಲೇ, ಮಾರ್ಚ್ ತಿಂಗಳಲ್ಲಿ ಕೊಳದ ಮಟ್ಟ ಇಳಿಯತೊಡಗಿತು. ಈ ಸಲ ಗುಡ್ಡೆ ಒಣಗಿತ್ತು, ನೋಡುವ ಕೊಳವೆಯೂ ಒಣಗಿತ್ತು. ಹೊರಗೆ ನೀರಿಲ್ಲದ ಕಾಲದಲ್ಲಿ ಒಳಗಿನ ನೀರು ಕಡಿಮೆಯಾದರೆ ಹೋಗುವ ದಾರಿಗಳು ಎರಡೇ, ಒಂದೋ ಆವಿ ಅಥವಾ ಸೋರಿಕೆ.

ಇವೆರಡನ್ನು ಬೇರ್ಪಡಿಸಲು ಬಕೆಟ್ಟಿಗಿಂತ ಉತ್ತಮ ಸಾಧನ ನನಗೆ ಗೊತ್ತಿಲ್ಲ. ಬಕೆಟ್ಟಿಗೆ ಕೊಳದ್ದೇ ನೀರು ತುಂಬಿ, ತೊಳೆದ ಕಲ್ಲೊಂದನ್ನು ಭಾರಕ್ಕೆ ಹಾಕಿ, ಕೊಳದ ಮೆಟ್ಟಿಲ ಮೇಲೆ ಇಡಿ. ಬಕೆಟ್ಟಿನ ಒಳಗಿನ ಮಟ್ಟ, ಹೊರಗಿನ ಕೊಳದ ಮಟ್ಟ ಎರಡೂ ಸಮನಾಗಿರಲಿ. ಎರಡಕ್ಕೂ ಟೇಪಿನ ಗುರುತು ಹಾಕಿ 24 ಗಂಟೆ ಬಿಡಿ. ಆವಿ ಎರಡರಿಂದಲೂ ಒಂದೇ ಸಮನೆ ಹೋಗುತ್ತದೆ. ಬೇಸಗೆಯಲ್ಲಿ ಅದು ದಿನಕ್ಕೆ ಅರ್ಧ ಸೆಂಟಿಮೀಟರ್ ಆಸುಪಾಸು. ಕೊಳ ಬಕೆಟ್ಟಿಗಿಂತ ಹೆಚ್ಚು ಇಳಿದಿದ್ದರೆ ಆ ವ್ಯತ್ಯಾಸವೇ ಸೋರಿಕೆ. ನನ್ನ ಕೊಳದಲ್ಲಿ ಒಂದು ಸೆಂಟಿಮೀಟರ್ ಎಂದರೆ 245 ಲೀಟರ್. ಮಕ್ಕಳನ್ನು ಆ ಎರಡು ದಿನ ನೀರಿಗೆ ಬಿಡಬಾರದು, ಮಳೆ ಬಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಇದನ್ನು ಪಂಪ್ ನಿಲ್ಲಿಸಿ ಒಂದು ದಿನ, ಓಡಿಸಿ ಒಂದು ದಿನ ಮಾಡಬೇಕು. ಪಂಪ್ ಓಡುವಾಗ ಹೆಚ್ಚು ಇಳಿದರೆ ದೋಷ ಪಂಪಿನಿಂದ ಕೊಳಕ್ಕೆ ಮರಳುವ ಪೈಪಿನಲ್ಲಿ. ಎರಡೂ ದಿನ ಒಂದೇ ಸಮನೆ ಇಳಿದರೆ ಕೊಳದ ಗೋಡೆ, ತಳ ಅಥವಾ ಗೋಡೆಯಲ್ಲಿ ಕೂರಿಸಿದ ಬಾಯಿಗಳಲ್ಲಿ. ಮರಳಿ ಬರುವ ನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಬರುತ್ತಿದ್ದರೆ ಪಂಪಿಗೆ ಎಳೆಯುವ ಪೈಪಿನಲ್ಲಿ ಗಾಳಿ ಸೇರುತ್ತಿದೆ. ಅಂಥ ಪೈಪು ಪಂಪ್ ನಿಂತಾಗ ನೀರು ಬಿಡುತ್ತದೆ. ಇನ್ನೊಂದು ಕಳ್ಳ ದಾರಿಯನ್ನು ಮರೆಯಬೇಡಿ. ಫಿಲ್ಟರಿನ ಮೇಲಿನ, ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್‌ನೊಳಗಿನ ರಬ್ಬರ್ ಸವೆದರೆ, ಫಿಲ್ಟರ್ ಸ್ಥಾನದಲ್ಲಿ ಇಟ್ಟಿದ್ದರೂ ನೀರು ಸದ್ದಿಲ್ಲದೆ ತ್ಯಾಜ್ಯದ ಪೈಪಿಗೆ ಹೋಗುತ್ತಿರುತ್ತದೆ. ಪಂಪ್ ಓಡುವಾಗ ಆ ಪೈಪಿನ ತುದಿಗೆ ಹೋಗಿ ನೋಡಿ. ಒದ್ದೆಯಿದ್ದರೆ ರಬ್ಬರ್ ಬದಲಿಸಿ, ಮನೆಯವರೇ ಮಾಡಬಹುದಾದ ಕೆಲಸ.

ನನ್ನ ಕೊಳದಲ್ಲಿ ಪಂಪ್ ನಿಂತಾಗ ಬಕೆಟ್ಟಿಗಿಂತ 2 ಮಿಲಿಮೀಟರ್ ಹೆಚ್ಚು, ಓಡುವಾಗ 19. ಮರಳುವ ಪೈಪು ಕೆಳಗೋಡೆಯ ಬದಿಯಲ್ಲಿ ನೆಲದೊಳಗೆ ಹೋಗಿತ್ತು. ಅಗೆದು ನೋಡಿದಾಗ ಮೊಣಕೈ ಜೋಡಣೆಯೊಂದು ನಡುವೆ ಸೀಳಿತ್ತು. ಅದನ್ನು ಬದಲಿಸಿದರೆ ಒಂದು ಗಂಟೆಯ ಕೆಲಸ. ಆದರೆ ಪೈಪು ತಾನಾಗಿ ಸೀಳುವುದಿಲ್ಲ. ಅದರ ಒಂದು ತುದಿ ಇದ್ದಲ್ಲೇ ಇದ್ದು ಇನ್ನೊಂದು ತುದಿ ಕೆಳಗೆ ಜಗ್ಗಿತ್ತು.

ಗೋಡೆಯಲ್ಲೇ ಸೋರಿಕೆ ಎಂದು ತಿಳಿದವರಿಗೆ ಎರಡು ಮಾತು. ಹೊರಗೆ ನೀರಿಲ್ಲ ಎಂದು ಖಾತ್ರಿಯಾದ ಬೇಸಗೆಯಲ್ಲಿ ಮಟ್ಟ ತಾನಾಗಿ ಎಲ್ಲಿ ನಿಲ್ಲುತ್ತದೆ ಎಂದು ಕಾಯಿರಿ. ಮೇಲ್ಮೈಯ ನೀರನ್ನು ಪಂಪಿಗೆ ಎಳೆಯುವ ಸ್ಕಿಮ್ಮರ್ ಬಾಯಿಯ ಬಳಿ ನಿಂತರೆ ಅಲ್ಲಿ, ದೀಪದ ಬಳಿ ನಿಂತರೆ ಅಲ್ಲಿ ಹುಡುಕಬೇಕು. ಲೈನರ್ ಕೊಳದವರು ಮಾತ್ರ ಪೂರ್ತಿ ಇಳಿಯುವವರೆಗೆ ಕಾಯಬಾರದು, ಒಣಗಿದ ಹಾಳೆ ಕುಗ್ಗುತ್ತದೆ. ಅನುಮಾನದ ಜಾಗ ಸಿಕ್ಕಿದ ಮೇಲೆ ಪಂಪ್ ನಿಲ್ಲಿಸಿ, ನೀರು ಅಲುಗದಿರುವಾಗ ಸಿರಿಂಜಿನಿಂದ ಆಹಾರದ ಕೆಂಪು ಬಣ್ಣವನ್ನು ಒಂದೆರಡು ಹನಿ ಬಿಡಿ. ಬಿರುಕಿದ್ದರೆ ಬಣ್ಣ ಎಳೆಯಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ.

ಕೆಳಬದಿ ಕುಸಿದಿದೆಯೇ?

ಸೀಳಿದ ಪೈಪು ನನ್ನನ್ನು ಇಲ್ಲಿಗೆ ತಂದಿತು. ಕೊಳ ವಾಲಿದೆಯೇ ಎಂದು ತಿಳಿಯಲು ಮಟ್ಟದ ಯಂತ್ರ ಬೇಡ, ಕೊಳದ ನೀರೇ ಮಟ್ಟ. ಗಾಳಿಯಿಲ್ಲದ ಬೆಳಗ್ಗೆ ನಾಲ್ಕು ಮೂಲೆಗಳಲ್ಲಿ ಅಂಚಿನಿಂದ ನೀರಿನವರೆಗೆ ಅಳೆಯಿರಿ. ಮೇಲ್ಬದಿಯ ಎರಡು ಮೂಲೆಗಳಲ್ಲಿ ನನಗೆ 12 ಸೆಂಟಿಮೀಟರ್ ಸಿಕ್ಕಿತು, ಕೆಳಬದಿಯಲ್ಲಿ 10.6 ಮತ್ತು 9.8. ಕಟ್ಟಿದಾಗ ನಾಲ್ಕೂ ಸಮನಾಗಿದ್ದವು. ತೋಟದ ಬದಿಯ ಒಂದು ಮೂಲೆ 2.2 ಸೆಂಟಿಮೀಟರ್ ಇಳಿದಿತ್ತು.

ಕಾರಣ ಕೊಳ ಅಗೆದ ದಿನವೇ ಹುಟ್ಟಿತ್ತು. ಜೆಸಿಬಿ ಮೇಲ್ಬದಿಯನ್ನು ಕಡಿದು ಆ ಮಣ್ಣನ್ನು ಕೆಳಬದಿಗೆ ತಳ್ಳಿ ಮಟ್ಟ ಮಾಡಿತ್ತು. ಪಂಚಾಂಗ (ಅಡಿಪಾಯ) ಕಡಿಯದ ಗಟ್ಟಿ ನೆಲಕ್ಕೆ ಮುಟ್ಟಬೇಕೆಂದು ಹೇಳಿದ್ದೆ. ಮೂರು ಮೂಲೆಗಳಲ್ಲಿ ಮುಟ್ಟಿತ್ತು, ನಾಲ್ಕನೆಯದರಲ್ಲಿ ತುಂಬಿದ ಮಣ್ಣಿನ ಮೇಲೆಯೇ ನಿಂತಿತ್ತು. ಜೊತೆಗೆ, ಮಳೆಗಾಲದಲ್ಲಿ ತುಂಬಿ ಹೊರಚೆಲ್ಲುವ ನೀರಿನ ಪೈಪು ಸರಿಯಾಗಿ ಆ ಮೂಲೆಯ ಬುಡಕ್ಕೇ ಬೀಳುತ್ತಿತ್ತು. ನಮ್ಮಲ್ಲಿ ಒಂದೇ ದಿನ 10 ಸೆಂಟಿಮೀಟರ್ ಮಳೆ ಬೀಳುವುದು ಅಪರೂಪವಲ್ಲ. ಆ ದಿನ ತುಂಬಿದ ಕೊಳದಿಂದ 2,450 ಲೀಟರ್ ನೀರು ಬುಡವನ್ನು ಕೊರೆಯುತ್ತದೆ. ಹೊರಚೆಲ್ಲುವ ಪೈಪನ್ನು ಗೋಡೆಯಿಂದ ದೂರ, ಕಲ್ಲು ಹಾಸಿದ ಕಣಿಯವರೆಗೆ ಒಯ್ಯಿರಿ. ಇದು ಅಗ್ಗದ ಕೆಲಸ, ಆದ್ದರಿಂದಲೇ ಎಲ್ಲರೂ ಬಿಡುತ್ತಾರೆ.

ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣು ಸಿಕ್ಕಿದ ಜಾಗವಾದರೆ ಇನ್ನಷ್ಟು ಎಚ್ಚರ ಬೇಕು. ಬಿಳಿ, ನಸುಗೆಂಪು, ಹಳದಿ ಬಣ್ಣದ ನುಣುಪಾದ ಮಣ್ಣು. ಒಣಗಿದಾಗ ಗುದ್ದಲಿಗೂ ಗಟ್ಟಿ, ನೆನೆದಾಗ ಹಿಟ್ಟಿನಂತೆ ಕಲಸಿಹೋಗುತ್ತದೆ. ಬೇಸಗೆಯಲ್ಲಿ ಅಗೆದವರಿಗೆ ಅದರ ಗಟ್ಟಿತನವಷ್ಟೇ ಕಾಣುತ್ತದೆ. ಒಂದು ಮುಷ್ಟಿ ಮಣ್ಣನ್ನು ಲೋಟದ ನೀರಿಗೆ ಹಾಕಿ. ಅರ್ಧ ಗಂಟೆಯಲ್ಲಿ ಪುಡಿಯಾಗಿ ತಳ ಸೇರಿದರೆ ಅದರ ಮೇಲೆ ಕೊಳ ಕೂರಿಸುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಯಿರಿ.

ಬಿರುಕುಗಳನ್ನು ಓದುವುದನ್ನೂ ಕಲಿಯಬೇಕು. ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಗೀರುಗಳು ಪ್ಲಾಸ್ಟರ್ ಒಣಗಿದ್ದರಿಂದ ಬಂದವು, ಅವುಗಳಿಗೆ ಹೆದರಬೇಕಿಲ್ಲ. ತಳದ ಅಡ್ಡಕ್ಕೆ, ಕಡಿದ ನೆಲ ಮುಗಿದು ತುಂಬಿದ ಮಣ್ಣು ಶುರುವಾಗುವ ಕಡೆಯೇ ನೇರವಾಗಿ ಸಾಗಿದ ಬಿರುಕು ಕುಸಿತದ್ದು. ಮುರಕಲ್ಲಿನ ಪಾಗಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದ ಬಿರುಕೂ ಅದರದ್ದೇ. ಮೇಲ್ಗೋಡೆಯ ನಡುಭಾಗ ಒಳಕ್ಕೆ ಉಬ್ಬಿದ್ದರೆ ಗುಡ್ಡೆ ತಳ್ಳುತ್ತಿದೆ. ಕೆಳಗೋಡೆ ಮತ್ತು ತಳ ಸೇರುವ ಒಳಮೂಲೆಯಲ್ಲಿ ಉದ್ದಕ್ಕೂ ಬಿರುಕು ಬಿಟ್ಟು ಗೋಡೆ ಹೊರಕ್ಕೆ ವಾಲಿದ್ದರೆ ಕೊಳದ ನೀರು ಅದನ್ನು ತಳ್ಳಿಹಾಕುತ್ತಿದೆ. ಬಿರುಕಿನ ಹೊರಬದಿಯಲ್ಲಿ ಸುಣ್ಣದಂಥ ಬಿಳಿ ಪೊರೆ ಕಟ್ಟಿದ್ದರೆ ನೀರು ಕಾಂಕ್ರೀಟಿನ ಮೂಲಕ ಹಾದುಹೋಗುತ್ತಿದೆ.

ಕೆಳಗೋಡೆ ಹೀಗೆ ಹೊರಕ್ಕೆ ವಾಲುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಒಂದೂವರೆ ಮೀಟರ್ ಆಳದ ನೀರು ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಹಾಕುವ ಬಲ ಒಂದು ಟನ್ನಿಗೂ ಹೆಚ್ಚು. ಆಳ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಕಂಬವೂ ಕಬ್ಬಿಣವೂ ಇಲ್ಲದ ಬರಿಯ ಮುರಕಲ್ಲಿನ ಗೋಡೆ ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತದೆ, ಪಕ್ಕದಿಂದ ಬರುವ ತಳ್ಳುವಿಕೆಯನ್ನು ತಾಳುವುದಿಲ್ಲ. ತೂಗುಗುಂಡು ಇಳಿಬಿಟ್ಟು ದಿನವೂ ಒಂದೇ ಹೊತ್ತಿಗೆ ಅಳೆಯಿರಿ, ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಗೆರೆ ದಾಟಿ ಬಿರುಕು ಬೆಳೆದರೆ ಗೋಡೆಯ ಕೆಳಗಿನ ತೋಟದಲ್ಲಿ ಯಾರೂ ಕೆಲಸ ಮಾಡಬಾರದು, ಮಕ್ಕಳು ಸುಳಿಯಬಾರದು. ಹೊರಗಿನ ಕೊಳವೆಯ ಮಟ್ಟ ನೋಡಿಕೊಂಡು ಕೊಳವನ್ನು ಅಷ್ಟರವರೆಗೆ ಇಳಿಸಿ, ಎಂಜಿನಿಯರ್ ಬರುವವರೆಗೆ ಏನನ್ನೂ ಮುಟ್ಟಬೇಡಿ.

ನನ್ನ ಮೂಲೆಗೆ ಪಂಚಾಂಗವನ್ನು ಕೆಳಗಿನಿಂದ ತುಂಡು ತುಂಡಾಗಿ ಅಗೆದು, ಗಟ್ಟಿ ಮುರ ಸಿಕ್ಕುವವರೆಗೆ ಕಾಂಕ್ರೀಟ್ ಇಳಿಸಿದರು. ನೀರಿನ ಪೈಪನ್ನು ಈಗ ಮಣ್ಣಿನಲ್ಲಿ ಹೂಳದೆ, ಮುಚ್ಚಳವಿರುವ ಕಾಲುವೆಯೊಳಗೆ ಮಲಗಿಸಿ, ನೆಲ ಬದಲಾಗುವ ಕಡೆ ಬಾಗುವ ಕೊಳವೆ ಜೋಡಿಸಿದ್ದೇನೆ. ಅಂದಿನಿಂದ ನಾಲ್ಕು ಮೂಲೆಗಳ ಅಳತೆಯನ್ನು ಪ್ರತಿ ತಿಂಗಳ ಮೊದಲ ಭಾನುವಾರ ಬರೆಯುತ್ತಿದ್ದೇನೆ. ಒಂದು ಮಿಲಿಮೀಟರ್ ಕೂಡ ಬದಲಾಗಿಲ್ಲ.

ಇನ್ನುಳಿದದ್ದು ಬಸಿಪೈಪಿನ ಬಾಯಿ. ಮೊನ್ನೆಯ ಆಟಿಯಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಜೋರು ಮಳೆ ಹೊಡೆಯುತ್ತಿದ್ದರೂ ಅದರ ಓಟ ಸಣ್ಣಗಾಗಿತ್ತು. ಕೈಹಾಕಿದರೆ ಕಿತ್ತಳೆ ಬಣ್ಣದ ಲೋಳೆ. ನಮ್ಮ ನೀರಿನಲ್ಲಿ ಕರಗಿ ಬರುವ ಕಬ್ಬಿಣದ ಅಂಶ ಗಾಳಿ ತಗಲಿದೊಡನೆ ಹೀಗೆ ಕಿಟ್ಟಗಟ್ಟುತ್ತದೆ, ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಲೋಳೆಯನ್ನು ಹೆಚ್ಚಿಸುತ್ತದೆ. ಮೂಲೆಯ ನೇರ ಪೈಪಿನಿಂದ ಹೋಸ್ ಇಳಿಸಿ ಜೋರಾಗಿ ನೀರು ಬಿಟ್ಟಾಗ ಹತ್ತು ನಿಮಿಷ ಕೆಂಪಗೆ ಬಂದು, ಆಮೇಲೆ ತಿಳಿಯಾಯಿತು. ಬಿದಿರ ಕಡ್ಡಿ ಇಳಿಸಿ ನೋಡಿದೆ. ತೊಳೆಯುವ ಮೊದಲು ನೋಡುವ ಕೊಳವೆಯಲ್ಲಿ ತಳಕ್ಕಿಂತ 30 ಸೆಂಟಿಮೀಟರ್ ಮೇಲಿದ್ದ ನೀರು ಸಂಜೆಗೆ ತಳದಿಂದ ಕೆಳಗೆ ಇಳಿದಿತ್ತು. ಈಗ ಮೇ ಕೊನೆಗೊಮ್ಮೆ, ಆಟಿಯ ನಡುವೆ ಇನ್ನೊಮ್ಮೆ ತೊಳೆಯುತ್ತೇನೆ.